ಬೀರುವಿನ ಬೀಗದ ಕೈ

"ಮೇಡಂ, ಲೈಬ್ರರಿಗೊಂದು ಸಾಫ್ಟ್‌ವೇರ್ ತಗೊಳ್ಳೋಣ. ಯಾವುದು ಒಳ್ಳೇದು?"

"ಕೋಹಾ ಇದೆ ಸರ್. 2000ದಿಂದ ಬಳಕೆಯಲ್ಲಿದೆ, ನ್ಯೂಜಿಲೆಂಡಿನದು. ಮಾವೊರಿ ಭಾಷೇಲಿ ಕೋಹಾ ಅಂದ್ರೆ ಉಡುಗೊರೆ. ಪುಕ್ಕಟೆ."

"ಪುಕ್ಕಟೇನಾ? ಮತ್ತೆ ಮೂರು ಕೊಟೇಶನ್ ಎಲ್ಲಿಂದ ತರೋದ್ರೀ? ಆಡಿಟ್‌ನವರು ಬಿಡ್ತಾರಾ?"

"ಎನ್‌ಐಸಿಯವರ ಇ-ಗ್ರಂಥಾಲಯ?"

"ಹೆಸರು ಭಾರವಾಯ್ತು."

"ಯಾವುದಾದ್ರೂ ಸರಿ, ಬಾರ್‌ಕೋಡ್ ಅಂಟಿಸೋಕೆ ಪುಸ್ತಕ ಹೊರಗೆ ತೆಗೀಬೇಕು. ಬೀರು ಬೀಗದ ಕೈ?"

"ಹಿಂದಿನ ಹೆಡ್‌ಮಾಸ್ಟರ್ ಹತ್ರ. ಅವರು ರಿಟೈರಾಗಿ ನಾಲ್ಕು ವರ್ಷ."

(ನನ್ನ ಕೇಳಿದ್ದರೆ, ಬೀಗ ಒಡೆಯುವವನ ಒಂದೇ ಕೊಟೇಶನ್ ಸಾಕಿತ್ತು.)

ಬಾಗಿಲಲ್ಲಿ ಐದನೇ ಕ್ಲಾಸಿನ ಹುಡುಗಿ. "ಸರ್, ಪಂಚತಂತ್ರ ಬೇಕು."

"ಸಾಫ್ಟ್‌ವೇರ್ ಬರ್ಲಿ ಪುಟ್ಟಾ, ಕೊಡ್ತೀನಿ."

ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಕೊಟೇಶನ್ ಇನ್ನೂ ಎರಡೇ ಬಂದಿವೆ.