ಭೂದೃಶ್ಯ ಛಾಯಾಗ್ರಹಣ ಮೀಮಾಂಸೆ: ಜೋಗ ಪ್ರಕರಣ

1. ಲಕ್ಷಣ
ಬಯಲಿಗೆ ಹೋಗಿ, ಜೊತೆಗೆ ಬಂದವರನ್ನು ಚೌಕಟ್ಟಿನಿಂದ ಹೊರಗಿಟ್ಟು, ಉಳಿದದ್ದನ್ನು ಸೆರೆಹಿಡಿಯುವ ವಿದ್ಯೆಗೆ ಭೂದೃಶ್ಯ ಛಾಯಾಗ್ರಹಣವೆಂದು ಹೆಸರು. ಬೆಟ್ಟ, ಹೊಳೆ, ಮುಗಿಲುಗಳು ತಮ್ಮ ಪಾಡಿಗೆ ತಾವಿರುತ್ತವೆ. ಜೊತೆಗೆ ಬಂದವರು ಹಾಗಿರುವುದಿಲ್ಲ. ವಿದ್ಯೆಯ ಕಷ್ಟವೆಲ್ಲ ಇಲ್ಲಿಯೇ ಇದೆ. ಸಕಲ ಕಷ್ಟಗಳೂ ಒಂದೆಡೆ ದೊರೆಯುವ ಸ್ಥಳವಾದ್ದರಿಂದ ಇಲ್ಲಿ ಜೋಗ ಜಲಪಾತವನ್ನು ಉದಾಹರಣೆಯಾಗಿ ಸ್ವೀಕರಿಸಲಾಗಿದೆ.

2. ಅಧಿಕಾರಿಗಳು
ಅಧಿಕಾರಿಗಳು ಮೂರು ಬಗೆ. ಉತ್ತಮರು ಟ್ರೈಪಾಡ್ ಒಯ್ದು ಅದನ್ನು ಬಿಚ್ಚುತ್ತಾರೆ. ಮಧ್ಯಮರು ಒಯ್ದು ಕಾರಿನ ಡಿಕ್ಕಿಯಲ್ಲೇ ಬಿಡುತ್ತಾರೆ. ಅಧಮರು ಟ್ರೈಪಾಡಿನ ಮಹತ್ವದ ಬಗ್ಗೆ ಉಪನ್ಯಾಸ ಕೊಡುತ್ತಾರೆ. ಮೊಬೈಲ್‌ನವರು ಈ ವರ್ಗೀಕರಣದಲ್ಲಿ ಸೇರಿಲ್ಲ. ಆದರೂ ಮನೆಯವರು ಮೆಚ್ಚುವುದು ಅವರ ಚಿತ್ರವನ್ನೇ ಎಂಬುದು ಅನುಭವಸಿದ್ಧ.

3. ಕಾಲ
ಸೂರ್ಯನು ದಿಗಂತದಿಂದ ಸುಮಾರು 6 ಡಿಗ್ರಿಯೊಳಗಿರುವ ಹೊತ್ತು ಸುವರ್ಣಕಾಲ. ಆಗ ಬೆಳಕು ವಾತಾವರಣದಲ್ಲಿ ಹೆಚ್ಚು ದೂರ ಸಾಗಿಬರುವುದರಿಂದ ನೀಲಿ ಚದುರಿಹೋಗಿ ಕೆಂಪು, ಹಳದಿ ಉಳಿಯುತ್ತವೆ. ಉದ್ದನೆಯ ನೆರಳುಗಳು ನೆಲದ ಏರುತಗ್ಗನ್ನು ತೋರುತ್ತವೆ. ಆದರೆ ಪ್ರವಾಸಶಾಸ್ತ್ರದ ಪ್ರಕಾರ ತಿಂಡಿಯಾಗದೆ ಹೊರಡುವಂತಿಲ್ಲ, ಕತ್ತಲಾಗುವ ಮುನ್ನ ಊರು ಸೇರಬೇಕು. ಎರಡು ಶಾಸ್ತ್ರಗಳ ಸಮನ್ವಯದಿಂದ ಲಭಿಸುವ ಮುಹೂರ್ತ ಮಧ್ಯಾಹ್ನ 12.30.

ಋತುವಿನ ಪ್ರಶ್ನೆ ಇನ್ನೂ ಜಟಿಲ. ಶರಾವತಿ 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ ಬೀಳುತ್ತದೆ. ಮಳೆಗಾಲದಲ್ಲಿ ನೀರಿರುತ್ತದೆ, ಮಂಜು ಕವಿದು ಕಾಣಿಸುವುದಿಲ್ಲ. ಬೇಸಿಗೆಯಲ್ಲಿ ಎಲ್ಲವೂ ನಿಚ್ಚಳವಾಗಿ ಕಾಣಿಸುತ್ತದೆ, ನೀರಿರುವುದಿಲ್ಲ. ಅದು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ವಿದ್ಯುತ್ತಾಗಲು ಸರದಿ ಕಾಯುತ್ತಿರುತ್ತದೆ. ಪೂರ್ವಪಕ್ಷ: ಹಾಗಾದರೆ ಜೋಗದ ಚಿತ್ರ ಅಸಾಧ್ಯ. ಸಿದ್ಧಾಂತ: ಅಲ್ಲ. ಮಂಜು ಆಗಾಗ ಸರಿಯುತ್ತದೆ. ನಿಂತವರಿಗೆ ನಾಲ್ಕೂ ಧಾರೆ ಕಾಣುತ್ತವೆ. ಅಡ್ಡಿಯಿರುವುದು ಮಂಜಿನಲ್ಲಲ್ಲ, “ಬೇಗ ಬನ್ನಿ, ಇನ್ನೂ ಸಿಗಂದೂರಿಗೆ ಹೋಗ್ಬೇಕು” ಎಂಬ ವಾಕ್ಯದಲ್ಲಿ.

4. ಕ್ರಿಯೆ
ಧಾರೆ ಹಾಲಿನಂತೆ ಕಾಣಬೇಕಾದರೆ ಶಟರ್ ಅರ್ಧ ಸೆಕೆಂಡಾದರೂ ತೆರೆದಿರಬೇಕು. ಕ್ಯಾಮೆರಾವನ್ನು ಕೈಯಲ್ಲೇ ಹಿಡಿದರೆ ನೀರಿನೊಡನೆ ಬಂಡೆಗಳೂ ಹರಿಯುತ್ತವೆ. ಅಂಥ ಚಿತ್ರಕ್ಕೆ ‘ನವ್ಯ’ ಎಂದು ಹೆಸರಿಟ್ಟು ಪಾರಾಗುವ ಪದ್ಧತಿಯಿದೆ. ಹಗಲಿನ ಬೆಳಕು ಹೆಚ್ಚಾದರೆ 10 ಸ್ಟಾಪಿನ ಎನ್‌ಡಿ ಫಿಲ್ಟರ್ ಅದನ್ನು ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿಸುತ್ತದೆ. ಫೋಕಸ್ ಮೊದಲೇ ಮಾಡಿಕೊಳ್ಳತಕ್ಕದ್ದು. ಫಿಲ್ಟರ್ ಹಾಕಿದ ಮೇಲೆ ಜೋಗವೂ ಮುಚ್ಚಿದ ಕಿಟಕಿಯೂ ಒಂದೇ.

ಅಪರ್ಚರ್ ಎಫ್/8ರಿಂದ ಎಫ್/11ರವರೆಗೆ ಪ್ರಶಸ್ತ. ಹೆಚ್ಚು ಸಂಖ್ಯೆ ಹೆಚ್ಚು ಪುಣ್ಯವೆಂದು ಎಫ್/22ಕ್ಕೆ ಹೋಗುವವರ ಚಿತ್ರ, ಕಿರಿದಾದ ಕಿಂಡಿಯಲ್ಲಿ ಬೆಳಕು ವಿವರ್ತನೆಗೊಳ್ಳುವುದರಿಂದ, ಒಟ್ಟಾರೆ ಮಸುಕಾಗುತ್ತದೆ. ಮಂಜಿನ ವಿಷಯದಲ್ಲಿ ಕ್ಯಾಮೆರಾ ನಂಬಲರ್ಹವಲ್ಲ. ಲೋಕವೆಲ್ಲ ಬೂದುಬಣ್ಣವೆಂಬುದು ಅದರ ದರ್ಶನ, ಬಿಳಿಯನ್ನೂ ಬೂದಿಯಾಗಿಸುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು ಏರಿಸಿ ಈ ದರ್ಶನವನ್ನು ಖಂಡಿಸತಕ್ಕದ್ದು. ಒದ್ದೆ ಬಂಡೆ, ಎಲೆಗಳ ಹೊಳಪನ್ನು ಪೋಲರೈಸರ್ ತಗ್ಗಿಸಿ ಹಸಿರನ್ನು ಹೊರತರುತ್ತದೆ. ಲೆನ್ಸಿನ ಮೇಲಿನ ತುಂತುರನ್ನು ತೆಗೆಯುವುದು ಒಣಬಟ್ಟೆ ಮಾತ್ರ. ಅಗ್ಗವಾದ್ದರಿಂದ ಅದನ್ನು ಯಾರೂ ಉಪಕರಣವೆಂದು ಒಪ್ಪುವುದಿಲ್ಲ.

5. ರಚನೆ
ಚೌಕಟ್ಟನ್ನು ಮೂರು ಪಾಲು ಮಾಡುವ ನಿಯಮವನ್ನು ಜಾನ್ ಥಾಮಸ್ ಸ್ಮಿತ್ 1797ರಲ್ಲಿ, ಕ್ಯಾಮೆರಾ ಚಿತ್ರಗಳು ಹುಟ್ಟುವ ಮೊದಲೇ, ಚಿತ್ರಕಲೆಗಾಗಿ ಬರೆದಿಟ್ಟ. ಜೋಗದ ವೀಕ್ಷಣಾ ಸ್ಥಳದಲ್ಲಿ ಅದು ತಾನಾಗಿ ಪಾಲನೆಯಾಗುತ್ತದೆ: ಒಂದು ಪಾಲು ಆಕಾಶ, ಒಂದು ಪಾಲು ಜಲಪಾತ, ಒಂದು ಪಾಲು ಯಾರದೋ ಕೊಡೆ. ಕೊಡೆಯನ್ನು ದ್ವೇಷಿಸಬಾರದು, 253 ಮೀಟರಿನ ಅಗಾಧತೆ ತಿಳಿಯಬೇಕಾದರೆ ಚಿತ್ರದಲ್ಲೊಂದು ಅಳತೆಗೋಲು ಬೇಕು. ದೂರದ ಒಂದು ಕೊಡೆ ಅಳತೆಗೋಲು, ಹತ್ತಿರದ್ದು ವಿಘ್ನ.

6. ಫಲ
ಈ ವಿದ್ಯೆಯ ಪ್ರತ್ಯಕ್ಷಫಲ ಚಿತ್ರ. ಪರೋಕ್ಷಫಲ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅದರ ಮೇಲೆ ಗುಲಾಬಿ ಹೂವಿನ ಸಮೇತ ಮೂಡುವ ‘ಶುಭೋದಯ’. ಒಟ್ಟಿನಲ್ಲಿ, ಕೊಳ್ಳಬಹುದಾದ ಸಾಧನಗಳೆಲ್ಲ ಗೌಣ, ಕಾಯುವುದೇ ಪ್ರಧಾನವೆಂದು ನಿರ್ಣಯ. ಆದಕಾರಣ ಹೊಸ ಲೆನ್ಸಿಗೆಂದು ಎತ್ತಿಟ್ಟ ಹಣದಲ್ಲಿ ಜೋಗದಲ್ಲಿ ಒಂದು ರಾತ್ರಿ ತಂಗತಕ್ಕದ್ದು.