ಸೋಲು ನಿಮ್ಮದು, ಭಾಷಣ ನಮ್ಮದು

ವ್ಯಕ್ತಿತ್ವ ವಿಕಸನದ ಭಾಷಣಕಾರರಿಗೆ ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ಮೇಲೆ ವಿಶೇಷ ಪ್ರೀತಿ. ಸೋಲಿನ ಬಗ್ಗೆ ಮಾತಾಡಲು ಹೊರಟವರಿಗೆ ಇಷ್ಟು ನುರಿತ ಸಭಿಕರು ಬೇರೆಲ್ಲಿ ಸಿಗಬೇಕು? ಮುಂಗಾರಿಗೆ ಹೆಸರು ಬಿತ್ತಿ ಸೋತವರು ಮುಂದಿನ ಸಾಲಿನಲ್ಲಿ, ಹೊಲದಲ್ಲಿ ಉಳ್ಳಾಗಡ್ಡಿ ಗೆದ್ದು ಹುಬ್ಬಳ್ಳಿ ಎಪಿಎಂಸಿಯಲ್ಲಿ ಸೋತವರು ಅವರ ಹಿಂದೆ, ಧಾರವಾಡದ ಕೋಚಿಂಗಿನಲ್ಲಿ ಓದಿ ಓದಿ ವಯೋಮಿತಿ ದಾಟಿ ಊರಿಗೆ ಮರಳಿದ ಹುಡುಗರು ಬಾಗಿಲ ಹತ್ತಿರ. ಇನ್ನು ವೇದಿಕೆಯ ಮೇಲೆ ಕುಳಿತವರು ಯಾವತ್ತೂ ಸೋಲದವರು. ಸೋತಾಗ ಪಕ್ಷ ಬದಲಿಸಿದವರು.

ಭಾಷಣದ ಮೂರನೆಯ ಸ್ಲೈಡಿಗೆ ಎಡಿಸನ್ ಬರುತ್ತಾನೆ. ಸಾವಿರ ಸಲ ಸೋತು ಬಲ್ಬು ಹೊತ್ತಿಸಿದನಂತೆ. ಅವನ ಬೆನ್ನಿಗೆ ಜೆ.ಪಿ. ಮಾರ್ಗನ್ ಕಂಪನಿಯವರ ಹಣ ನಿಂತಿತ್ತು ಎಂಬುದಕ್ಕೆ ಸ್ಲೈಡಿನಲ್ಲಿ ಜಾಗ ಸಾಲುವುದಿಲ್ಲ. ಒಂದು ಎಳೆ ಸುಟ್ಟರೆ ಆತ ಮರುದಿನ ಇನ್ನೊಂದು ಎಳೆ ಹಚ್ಚಿ ನೋಡಬಹುದಿತ್ತು. ಎರಿ ಹೊಲದವನಿಗೆ ವರ್ಷಕ್ಕೆ ಎರಡೇ ಪ್ರಯೋಗ, ಮುಂಗಾರಿ ಮತ್ತು ಹಿಂಗಾರಿ. ಅವನ ಮಾರ್ಗನ್ ಎಂದರೆ ದಲಾಲಿ ಅಂಗಡಿಯ ಸಾಹುಕಾರ. ಎರಡನೆಯ ಸಲ ಸೋತಾಗ ಈತ ಸ್ಫೂರ್ತಿ ತುಂಬುವುದಿಲ್ಲ, ಬಡ್ಡಿ ತುಂಬಿಸಿಕೊಳ್ಳುತ್ತಾನೆ.

"ನಿಮ್ಮ ಸೋಲಿಗೆ ನೀವೇ ಹೊಣೆ ಎಂದು ಒಪ್ಪಿಕೊಳ್ಳಿ, ಬೆಳವಣಿಗೆ ಅಲ್ಲಿಂದಲೇ ಶುರು" ಎನ್ನುವುದು ಭಾಷಣದ ತಿರುಳು. ಒಪ್ಪೋಣ. ಆದರೆ ಇದೇ ಸಭಿಕ ಬೆಳೆ ವಿಮೆಯವರ ಮುಂದೆ ಹೋಗಿ "ನನ್ನ ಬೆಳಿ ಹಾಳಾಗೇತ್ರಿ" ಎಂದರೆ ಬರುವ ಉತ್ತರವೇ ಬೇರೆ. ಇಳುವರಿ ನಷ್ಟಕ್ಕೆ ನಿನ್ನೊಬ್ಬನ ಹೊಲ ಲೆಕ್ಕಕ್ಕಿಲ್ಲ; ಇಡೀ ಪಂಚಾಯಿತಿಯ ಸರಾಸರಿ ಬೀಳಬೇಕು, ಬೆಳೆ ಕಟಾವು ಪ್ರಯೋಗದಲ್ಲಿ ಅದು ಕಾಣಬೇಕು. ಅಲ್ಲಿಗೆ ವ್ಯವಸ್ಥೆ ಪಕ್ಕಾ ಆಯಿತು. ಪರಿಹಾರ ಕೇಳುವಾಗ ಊರಿಗೆ ಊರೇ ಸೋತಿರಬೇಕು. ಪಾಠ ಕೇಳುವಾಗ ಊರಿಗೆ ಊರೇ ಸೋತಿದ್ದರೂ ಅದು ನಿನ್ನ ಸ್ವಂತ ಸೋಲು.

ಭಾಷಣ ಇನ್ನು ಸೃಜನಶೀಲತೆಯ ಮಾತಿಗೆ ಬಂದರೆ, ಸರ್ಕಾರವನ್ನು ಮೀರಿಸಿದ ಕಲಾವಿದರು ಈ ಸೀಮೆಯಲ್ಲಿ ಹುಟ್ಟಿಲ್ಲ. ಮಲಪ್ರಭೆಯ ಕಾಲುವೆ ಬಂತು, ಜಮೀನು ಉದ್ಧಾರವಾಯಿತು, ಆದ್ದರಿಂದ ಅಭಿವೃದ್ಧಿ ಕರ ಕಟ್ಟಿ ಎಂದು ನೋಟಿಸು ಕೊಟ್ಟರು, ನೀರು ಮುಟ್ಟದ ಹೊಲಗಳಿಗೂ ಸೇರಿಸಿ! ಇಲ್ಲದ ನೀರಿನಿಂದಾದ ಇಲ್ಲದ ಅಭಿವೃದ್ಧಿಯನ್ನು ಎಕರೆ ಲೆಕ್ಕದಲ್ಲಿ ಅಳೆಯಲು ಎಂಥ ಕಲ್ಪನಾಶಕ್ತಿ ಬೇಕು, ಯೋಚಿಸಿ. ರೈತರಿಗೆ ಆ ಕಲೆ ಅರ್ಥವಾಗಲಿಲ್ಲ, ಬೀದಿಗಿಳಿದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಪೊಲೀಸರ ಗುಂಡು ಹಾರಿತು, ಹೆಣ ಬಿತ್ತು. ಮುಂದೆ 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರವೂ ಬಿತ್ತು. ಆ ಸೋಲಿನಿಂದ ಎಲ್ಲ ಪಕ್ಷಗಳೂ ಒಂದು ಪಾಠ ಕಲಿತವು. ಪ್ರತಿ ವರ್ಷ ಜುಲೈ 21ಕ್ಕೆ ಹಾರ ಹಿಡಿದುಕೊಂಡು ಬರುವುದು.

ಮಹದಾಯಿ ನದಿ ನೀರಿನದು ಇನ್ನೂ ಉದ್ದದ ಕೋರ್ಸು. 2010ರಲ್ಲಿ ನ್ಯಾಯಮಂಡಳಿ, 2018ರ ಆಗಸ್ಟಿನಲ್ಲಿ ತೀರ್ಪು, ಕರ್ನಾಟಕಕ್ಕೆ 13.42 ಟಿಎಂಸಿ. ಆ ತೀರ್ಪು ಗೆಜೆಟ್ಟಿನಲ್ಲಿ ಅಚ್ಚಾಗಲು 2020ರ ಫೆಬ್ರುವರಿ ಬಂತು. ಆಮೇಲೆ ಅರಣ್ಯ ಅನುಮತಿ, ವನ್ಯಜೀವಿ ಅನುಮತಿ, ಗೋವಾದ ತಕರಾರು. ನೀರು ಬಿಟ್ಟು ಉಳಿದದ್ದೆಲ್ಲ ಹರಿದಿದೆ. ನಡುವೆ 2016ರ ಜುಲೈನಲ್ಲಿ ನೀರು ಕೇಳಿದ ರಾಜ್ಯದ ಮಧ್ಯಂತರ ಅರ್ಜಿ ವಜಾ ಆದಾಗ ತಾಲೂಕು ಕೆರಳಿತು. ಪೊಲೀಸರು ಯಮನೂರಿನ ಮನೆಗಳಿಗೆ ನುಗ್ಗಿ ಮುದುಕರು, ಹೆಂಗಸರು ಎನ್ನದೆ ಲಾಠಿ ಬೀಸಿದ್ದನ್ನು ನಾಡೇ ಟಿವಿಯಲ್ಲಿ ನೋಡಿತು. ಯಮನೂರು ಎಂದರೆ ಚಾಂಗದೇವನ ಜಾತ್ರೆಯಲ್ಲಿ ಬೆಣ್ಣಿಹಳ್ಳದ ನೀರು ಹಾಕಿ ದೀಪ ಉರಿಸುತ್ತಾರೆಂದು ಜನ ನಂಬುವ ಊರು. ನೀರಿನಿಂದ ಬೆಂಕಿ ಹೊತ್ತಿಸುವ ವಿದ್ಯೆ ಅಲ್ಲಿ ಮೊದಲಿಂದಲೂ ಇತ್ತು, ಸರ್ಕಾರ ಅದನ್ನು ರಾಜ್ಯಮಟ್ಟಕ್ಕೆ ಒಯ್ದಿತು. ಅದೇ ಬೆಣ್ಣಿಹಳ್ಳ ಮಳೆಗಾಲದಲ್ಲಿ ಹೊಲ ನುಂಗುತ್ತದೆ. ನೀರಿಗಾಗಿ ಧರಣಿ ಕೂತವನೇ ನೆರೆ ಪರಿಹಾರದ ಸಾಲಿನಲ್ಲೂ ನಿಲ್ಲುತ್ತಾನೆ. ಭಾಷಣಕಾರರು ಇದಕ್ಕೆ ಬಹುಮುಖ ಪ್ರತಿಭೆ ಎನ್ನಬಹುದು.

ಬಾಗಿಲ ಹತ್ತಿರದ ಹುಡುಗರ ಕಥೆ ಬೇಗ ಮುಗಿಯುತ್ತದೆ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ. ಕೆಲವರು ಬ್ಲೂಟೂತ್ ಹಾಕಿಕೊಂಡು ಸೃಜನಶೀಲರಾದರು, ಕೆಲವರ ಓಎಂಆರ್ ಹಾಳೆಗಳು ಪರೀಕ್ಷೆ ಮುಗಿದ ಮೇಲೂ ಬೆಳೆದವು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಕೆಪಿಎಸ್‌ಸಿ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳನ್ನೇ ಕೆಡಿಸಿ, ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿ, ಮತ್ತೆ ಕೆಡಿಸಿತು. ಸೋಲಿನಿಂದ ಪಾಠ ಕಲಿಯದ ಅಭ್ಯರ್ಥಿ ಯಾರೆಂದು ಹುಡುಗರು ಕೇಳುವುದಿಲ್ಲ. ಇನ್ನೊಂದು ಅರ್ಜಿ ಹಾಕುವುದಿದೆಯಲ್ಲ!

ಕೊನೆಯ ಸ್ಲೈಡು ಕಡ್ಡಾಯವಾಗಿ ಭೀಮಸೇನ ಜೋಶಿ. "ನಿಮ್ಮದೇ ಜಿಲ್ಲೆಯ ಕುಂದಗೋಳದಲ್ಲಿ ಕಲಿತು ಭಾರತರತ್ನರಾದರು, ನೀವೂ ಇಪ್ಪತ್ತೊಂದು ದಿನದಲ್ಲಿ ನಿಮ್ಮ ಪ್ರತಿಭೆ ಕಂಡುಕೊಳ್ಳಿ!" ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಹನ್ನೊಂದರ ವಯಸ್ಸಿಗೆ ಗದಗಿನ ಮನೆ ಬಿಟ್ಟು ಓಡಿ, ಗ್ವಾಲಿಯರ್, ಜಲಂಧರ್ ಎಂದು ಅಲೆದು ಬಂದ ಹುಡುಗನಿಗೆ ಗುರು ಸವಾಯಿ ಗಂಧರ್ವರು ಬಂದ ದಿನವೇ ಪ್ರಮಾಣಪತ್ರ ಕೊಡಲಿಲ್ಲ, ಹೊರಲು ನೀರಿನ ಕೊಡ ಕೊಟ್ಟರು. ಆಮೇಲೆ ವರ್ಷಗಟ್ಟಲೆ ತೋಡಿ, ಮುಲ್ತಾನಿ, ಪೂರಿಯಾ. ಮತ್ತೆ ತೋಡಿ. ಅದೇ ಗುರುವಿನ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬರುತ್ತಿದ್ದರು. ಹೇಳಿಕೊಟ್ಟ ಒಂದು ತುಣುಕು ಕೊರಳಿಗೆ ಕೂರುವ ತನಕ ಎರಡನೆಯದು ಇಲ್ಲ. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಡುಸಾಯಿತು. ಅವರು ಅದೇ ದನಿಯಲ್ಲಿ ಹಾಡಿದರು, ಕೇಳುವವರು ತಮ್ಮ ಕಿವಿ ತಿದ್ದಿಕೊಂಡರು. ಬೀದಿಯಲ್ಲಿ ಗಾನೇವಾಲಿ ಎಂದು ಹಂಗಿಸಿದ ಊರು ಅವರಿಂದ ಏನಾದರೂ ಕಲಿಯಿತೋ ಎಂಬುದು ಯಾವ ಸ್ಲೈಡಿನಲ್ಲೂ ಇಲ್ಲ. ಅವರು ಎಷ್ಟು ಕಲಿತರು ಎಂಬುದಷ್ಟೇ ಇದೆ.

ಆ ಹೊತ್ತಿಗೆ ಸನ್ಮಾನ ಶುರು. ಪಾಲಿಯೆಸ್ಟರ್ ಶಾಲು, ಪ್ಲಾಸ್ಟಿಕ್ ಫಲಕ. ವೇದಿಕೆಗೆ ಹಾಸಿದ ಕೆಂಪು ಕಾರ್ಪೆಟ್ಟು ಶಾಮಿಯಾನದವನ ಬಾಡಿಗೆ ಮಾಲು. ನವಲಗುಂದದ ಜಮಖಾನಕ್ಕೆ ಜಿಐ ಮಾನ್ಯತೆ ಇದೆ, ಅದನ್ನು ನೇಯುವವರು ಹೆಣ್ಣುಮಕ್ಕಳೇ. ನಿಲುವು ಮಗ್ಗದ ಮುಂದೆ ಕೂತು ನವಿಲು, ಪಗಡೆ ಹಾಸು ಮೂಡಿಸುವ ಕೈಗಳು ಈಗ ಬೆರಳೆಣಿಕೆಯಷ್ಟು. ಕಲಘಟಗಿಯಲ್ಲಿ ಅರಗಿನ ಬಣ್ಣದ ತೊಟ್ಟಿಲು ಮಾಡುವ ಮನೆಗಳೂ ಅಷ್ಟೇ. ಸೃಜನಶೀಲತೆಯ ಕಾರ್ಯಾಗಾರಕ್ಕೆ ಇವರನ್ನು ಕರೆಯುವುದುಂಟು, ಕುರ್ಚಿ ಖಾಲಿ ಕಾಣಬಾರದಲ್ಲ.

ನನ್ನದೊಂದು ಅರ್ಜಿ ಇದೆ. ಮುಂದಿನ ಕಾರ್ಯಾಗಾರ ವಿಧಾನಸೌಧದಲ್ಲಿ ಆಗಲಿ. ವಿಷಯ ಅದೇ: ಸೋಲಿನಿಂದ ಕಲಿಯುವುದು ಹೇಗೆ. ಸಭಿಕರು ನೀರಾವರಿ ಇಲಾಖೆಯವರು, ವಿಮೆಯವರು, ಪರೀಕ್ಷೆ ನಡೆಸುವವರು. ಸಂಪನ್ಮೂಲ ವ್ಯಕ್ತಿಗಳು ಅಣ್ಣಿಗೇರಿ, ನವಲಗುಂದ ಕಡೆಯಿಂದ ಎಷ್ಟು ಬೇಕೋ ಅಷ್ಟು ಬರುತ್ತಾರೆ. ಕಡಲೆ ರಾಶಿ ಮುಗಿದ ಮೇಲೆ ಯಾವ ದಿನವಾದರೂ ಆದೀತು. ಅವರಿಗೆ ಶಾಲು, ಫಲಕ ಬೇಡ. ವೇದಿಕೆಗೆ ಜಮಖಾನ ಹಾಸಿದರೆ ಸಾಕು, ನೇಯ್ದವಳ ಬಿಲ್ಲು ಮಾತ್ರ ಅದೇ ದಿನ ಪಾಸಾಗಬೇಕು.