ಕಪ್ಪಿಗಿಂತ ಬಸಿ ಮೇಲು

ಕಾಫಿಯವರಿಗೆ ಲೋಟ-ಬಟ್ಟಲು ಇರಲಿ. ರೋಣ, ನರಗುಂದ, ಗಜೇಂದ್ರಗಡದ ಕಡೆ ಮುಂಜಾನೆಯ ದೇವರು ಚಾ, ಅದರ ಪೀಠ ಬಸಿ, ಅಂದರೆ ಸಾಸರು. ಒಲೆಯಿಂದ ಕಟ್ಟೆಯವರೆಗೆ ಚಾ ಹೊತ್ತು ತರುವುದಷ್ಟೇ ಕಪ್ಪಿನ ಚಾಕರಿ.

ಹಿರಿಯರ ಕೈಚಳಕ ನೋಡಬೇಕು. ಬಸಿಯನ್ನು ಬೆರಳ ತುದಿಗಳ ಮೇಲೆ ನಿಲ್ಲಿಸಿ, ಅಂಚಿಗೆ ಕೂದಲೆಳೆ ಜಾಗ ಬಿಟ್ಟು ಸುರಿದು, ಮೇಲಿನ ಕೆನೆಯನ್ನು ‘ಫೂ’ ಎಂದು ಆಚೆ ದಂಡೆಗೆ ಅಟ್ಟಿ, ‘ಸುರ್‌ರ್’ ಎಂದು ಎಳೆದರೆ ಪಕ್ಕದ ಮನೆಗೂ ಬೆಳಗಾಯಿತು! ಧೋತರದ ಮೇಲೆ ಒಂದು ಹನಿ ಬಿದ್ದರೆ ಕೇಳಿ.

ಇದರಲ್ಲಿ ವಿಜ್ಞಾನವೂ ಉಂಟು. ಅಗಲಕ್ಕೆ ಹರಡಿದ ಚಾದ ಮೈಗೆ ಗಾಳಿ ಹೆಚ್ಚು ತಾಗುತ್ತದೆ, ಆವಿ ಬೇಗ ಏಳುತ್ತದೆ, ಬಿಸಿ ಇಳಿಯುತ್ತದೆ. ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ನಾಲಿಗೆಯೂ ಉಳಿಯಬೇಕು, ಸೀಟೂ ಸಿಗಬೇಕು ಎನ್ನುವವನಿಗೆ ಇದಕ್ಕಿಂತ ಉಪಕಾರ ಯಾವುದು? ಫ್ರೆಂಚರು ಮುಂಜಾನೆಯ ಕಾಫಿಗೆ ಅಗಲ ಬಟ್ಟಲು ಹಿಡಿದು ಬ್ರೆಡ್ಡು ಅದ್ದುತ್ತಾರಂತೆ. ನಮ್ಮವರು ಟೋಸ್ಟ್ ಅದ್ದುತ್ತಾರೆ. ಅದು ಮುರಿದು ಮುಳುಗಿದರೆ ಬೆರಳೇ ಚಮಚ.

ಬೈಟು ಲೆಕ್ಕವೂ ಸಲೀಸು. ಗೆಳೆಯನಿಗೆ ಕಪ್ಪು, ನಮಗೆ ಬಸಿ. ಯಾರ ಪಾಲು ಹೆಚ್ಚು ಎಂಬ ವ್ಯಾಜ್ಯ ಮಾತ್ರ ಯಾವ ಕೋರ್ಟಿನಲ್ಲೂ ಬಗೆಹರಿಯದು.

ಈಗ ಅಂಗಡಿಗಳಿಗೆ ಹೆಬ್ಬೆರಳಿನಷ್ಟು ಕಾಗದದ ಕಪ್ಪು ಬಂದಿದೆ. ಸುರಿಯಲು ಬಸಿಯಿಲ್ಲ, ಹಿಡಿದರೆ ಬೆರಳು ಸುಡುತ್ತದೆ. “ಬಸಿ ಇಲ್ಲೇನಪಾ?” ಎಂದು ಅಜ್ಜಂದಿರು ಕೇಳುತ್ತಲೇ ಇದ್ದಾರೆ. 1858ರಲ್ಲಿ ಅರಸ ಬಾಬಾಸಾಹೇಬ, 1980ರಲ್ಲಿ ರೈತರು ಬಂಡಾಯವೆದ್ದ ನೆಲ ನರಗುಂದ. ಅಂಗಡಿಯವರು ಒಂದು ಡಜನ್ ಬಸಿ ತಂದಿಟ್ಟುಕೊಳ್ಳುವುದು ಕ್ಷೇಮ.